ಇನಿಷಿಯಲ್ ವ್ಯಾಲ್ಯೂ ಪ್ರಾಬ್ಲಮ್ ಬಿಡಿಸೋದು ಹೇಗೆ: ಶುರುವಿನ ಬೆಲೆಯನ್ನ ಯಾವಾಗ, ಎಲ್ಲಿ ಹಾಕ್ಬೇಕು

ಬೆಂಗಳೂರಲ್ಲಿ ಇಂಜಿನಿಯರಿಂಗ್ ಮೊದಲ್ನೇ ವರ್ಷ ಓದೋರು, ಬಿಎಸ್ಸಿ ಮ್ಯಾಥ್ಸ್ ತಗೊಂಡಿರೋರು, ಕೆಲಸಕ್ಕೆ ಸೇರಿದ್ಮೇಲೆ ಸಿಮ್ಯುಲೇಷನ್ ಬರೀಬೇಕಾಗಿ ಬಂದು ಹಳೇ ನೋಟ್ಸ್ ಹುಡುಕ್ತಿರೋರು, ಎಲ್ರೂ ನನ್ನ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಸರ್, ಇಂಟಿಗ್ರೇಷನ್ ಎಲ್ಲಾ ಸರಿಯಾಗೇ ಮಾಡಿದೀನಿ, ಆದ್ರೂ ಆನ್ಸರ್ ಮ್ಯಾಚ್ ಆಗ್ತಿಲ್ಲ, ಎಲ್ಲಿ ತಪ್ಪಾಗಿದೆ?" ಅವ್ರ ಹಾಳೆ ತಗೊಂಡು ನೋಡಿದ್ರೆ ಇಂಟಿಗ್ರೇಷನ್ ನಿಜವಾಗ್ಲೂ ಸರಿಯಾಗೇ ಇರುತ್ತೆ. ತಪ್ಪಿರೋದು ಶುರುವಿನ ಬೆಲೆ ಬಳಸಿದ ಜಾಗದಲ್ಲಿ. ಪ್ರಶ್ನೆಯ ಕೊನೇಲಿ ಚಿಕ್ಕದಾಗಿ ವೈ(0) = 3 ಅಂತ ಬರ್ದಿರ್ತಾರಲ್ಲ, ಅದನ್ನ ಕೊನೇಲಿ ನೋಡ್ಕೊಂಡ್ರಾಯ್ತು ಅಂತ ಬಿಟ್ಟಿರ್ತಾರೆ. ಆದ್ರೆ ಲೆಕ್ಕದಲ್ಲಿ ಅರ್ಧ ಇರೋದೇ ಅಲ್ಲಿ. ಅದಕ್ಕೇ ಈ ಸಲ ಹಂತ ಹಂತವಾಗಿ ಬರೀತಿದೀನಿ, ಪೆನ್ನು ಪೇಪರ್ ಇಟ್ಕೊಂಡು ಜೊತೇಲೇ ಮಾಡ್ತಾ ಓದಿ.

ಮೊದ್ಲು ಗುರುತುಗಳು. ವೈ′ ಅಂದ್ರೆ ವೈ ಎಷ್ಟು ಬೇಗ ಬದಲಾಗ್ತಿದೆ ಅನ್ನೋದು, ಅಂದ್ರೆ ಡೆರಿವೇಟಿವ್. ವೈ″ ಅಂದ್ರೆ ಅದನ್ನ ಇನ್ನೊಂದ್ ಸಲ ಮಾಡಿದ್ದು. ಇ^ಎಕ್ಸ್ ಅಂದ್ರೆ ಎಕ್ಸ್‌ಪೊನೆನ್ಷಿಯಲ್, ಇಲ್ಲಿ ಇ ಅಂದ್ರೆ 2.718 ಚಿಲ್ಲರೆ. ಲಾಗ್ ಅಂತ ಬರ್ದಾಗೆಲ್ಲಾ ಅದು ಇ ಬೇಸ್‌ನ ಲಾಗ್, 10ರದ್ದಲ್ಲ. ಡಿಫರೆನ್ಷಿಯಲ್ ಈಕ್ವೇಶನ್ನಿಗೆ ಕನ್ನಡ ಪುಸ್ತಕದಲ್ಲಿ ಅವಕಲ ಸಮೀಕರಣ ಅಂತಾರೆ, ಅಂದ್ರೆ ವೈ ಏನು ಅಂತ ನೇರವಾಗಿ ಹೇಳ್ದೆ ಅದು ಬದಲಾಗೋ ರೀತಿ ಮಾತ್ರ ಹೇಳೋ ಸಮೀಕರಣ. ಅದ್ರ ಜೊತೆ "ಶುರುವಲ್ಲಿ ಇಷ್ಟಿತ್ತು" ಅಂತಾನೂ ಹೇಳಿಬಿಟ್ರೆ ಅದೇ ಇನಿಷಿಯಲ್ ವ್ಯಾಲ್ಯೂ ಪ್ರಾಬ್ಲಮ್, ಮುಂದೆ ಐವಿಪಿ ಅಂತ ಬರೀತೀನಿ.

ನಿಮ್ಗೆ ಗೊತ್ತಿರ್ಬೇಕಾದ್ದು ಜಾಸ್ತಿ ಏನಿಲ್ಲ. ಸೆಕೆಂಡ್ ಪಿಯು ಮಟ್ಟದ ಇಂಟಿಗ್ರೇಷನ್, ಲಾಗ್ ನಿಯಮಗಳು, ಸ್ವಲ್ಪ ಪಾರ್ಷಿಯಲ್ ಫ್ರಾಕ್ಷನ್. ಕ್ಯಾಲ್ಕುಲೇಟರ್ ರೇಡಿಯನ್ ಮೋಡ್‌ನಲ್ಲಿ ಇರ್ಲಿ. ಡಿಗ್ರೀಲಿ ಇಟ್ಕೊಂಡು ಸೈನ್, ಕಾಸ್ ಒತ್ತಿದ್ರೆ ಉಳಿದಿದ್ದೆಲ್ಲಾ ಸರಿ ಮಾಡಿದ್ರೂ ಉತ್ತರ ಹಾಳಾಗುತ್ತೆ, ಪ್ರತಿ ವರ್ಷ ಯಾರಾದ್ರೂ ಒಬ್ರು ಹೀಗೆ ಮಾರ್ಕ್ಸ್ ಕಳ್ಕೊಳ್ತಾರೆ.

ಹಂತ 1: ಇದು ನಿಜವಾಗ್ಲೂ ಐವಿಪಿನಾ ನೋಡಿ

ಸಮೀಕರಣದ ಆರ್ಡರ್ ಎಷ್ಟು ಅಂತ ನೋಡಿ, ಅಂದ್ರೆ ಅತಿ ಹೆಚ್ಚು ಎಷ್ಟನೇ ಡೆರಿವೇಟಿವ್ ಇದೆ ಅಂತ. ವೈ′ ಮಾತ್ರ ಇದ್ರೆ ಒಂದು ಶುರುವಿನ ಮಾಹಿತಿ ಬೇಕು, ವೈ″ ಇದ್ರೆ ಎರಡು, ಹಾಗೇ ಮುಂದಕ್ಕೆ. ಆ ಮಾಹಿತಿ ಎಲ್ಲಾ ಒಂದೇ ಬಿಂದುವಲ್ಲಿ ಕೊಟ್ಟಿರ್ಬೇಕು, ವೈ(0), ವೈ′(0) ಹೀಗೆ. ಒಂದು ಈ ತುದೀಲಿ, ಇನ್ನೊಂದು ಆ ತುದೀಲಿ ಕೊಟ್ಟಿದ್ರೆ ಅದು ಬೌಂಡರಿ ವ್ಯಾಲ್ಯೂ ಪ್ರಾಬ್ಲಮ್, ಅದ್ರ ಸ್ವಭಾವಾನೇ ಬೇರೆ. ವೈ″ + ವೈ = 0 ತಗೊಳ್ಳಿ. ವೈ(0) = 0, ವೈ(ಪೈ) = 0 ಅಂದ್ರೆ ಸಿ·ಸೈನ್ ಎಕ್ಸ್‌ನಲ್ಲಿ ಸಿ ಏನಿದ್ರೂ ನಡೆಯುತ್ತೆ, ಉತ್ತರಗಳು ಲೆಕ್ಕವಿಲ್ಲದಷ್ಟು. ಅದೇ ವೈ(ಪೈ) = 1 ಅಂತ ಮಾಡಿದ್ರೆ ಒಂದು ಉತ್ತರಾನೂ ಇಲ್ಲ. ಐವಿಪಿ ಅಷ್ಟು ಸತಾಯಿಸಲ್ಲ.

ಹಂತ 2: ಶುರುವಿನ ಬಿಂದುವಲ್ಲಿ ಸಮೀಕರಣ ಗಟ್ಟಿ ಇದ್ಯಾ?

ಈ ಹಂತಾನ ಬಹಳ ಜನ ಹಾರಿಸಿಬಿಡ್ತಾರೆ. ಹಾರಿಸಬೇಡಿ, ಅರ್ಧ ನಿಮಿಷದ ಕೆಲಸ. ಸಮೀಕರಣಾನ ವೈ′ = ಏನೋ ಒಂದು ಅನ್ನೋ ರೂಪಕ್ಕೆ ತನ್ನಿ. ಆ ಬಲಗಡೆ ಇರೋದು ಶುರುವಿನ ಬಿಂದು ಸುತ್ತ ಎಲ್ಲೂ ಕಡಿದುಹೋಗದೆ ಸಲೀಸಾಗಿದ್ಯಾ, ಅದನ್ನ ವೈ ಲೆಕ್ಕದಲ್ಲಿ ಡಿಫರೆನ್ಷಿಯೇಟ್ ಮಾಡಿದ್ರೆ ಬರೋದೂ ಸಲೀಸಾಗಿದ್ಯಾ ನೋಡಿ. ಎರಡೂ ಹೌದು ಅಂದ್ರೆ ಆ ಬಿಂದುವಿಂದ ಹೊರಡೋ ಉತ್ತರ ಒಂದೇ ಒಂದು, ಕನಿಷ್ಠ ಅಕ್ಕಪಕ್ಕದ ಸ್ವಲ್ಪ ದೂರದವರೆಗೆ. ಇದನ್ನ ಪಿಕಾರ್ಡ್ ಥಿಯರಮ್ ಅಂತಾರೆ.

ಇಲ್ಲ ಅಂದ್ರೆ ಏನಾಗುತ್ತೆ? ವೈ′ = 3·ವೈ^(2/3), ವೈ(0) = 0 ನೋಡಿ. ವೈ = ಎಕ್ಸ್³ ಹಾಕಿದ್ರೆ ಸರಿ ಹೋಗುತ್ತೆ, ವೈ = 0 ಅಂತ ಸುಮ್ನೆ ಕೂತ್ರೂ ಸರಿ ಹೋಗುತ್ತೆ. ಸ್ವಲ್ಪ ದೂರ 0ಯಲ್ಲೇ ಕೂತಿದ್ದು ಆಮೇಲೆ ಏಳೋ ಉತ್ತರಗಳೂ ಇವೆ. ಬಲಗಡೆದನ್ನ ವೈ ಲೆಕ್ಕದಲ್ಲಿ ಡಿಫರೆನ್ಷಿಯೇಟ್ ಮಾಡಿದ್ರೆ ವೈ^(1/3) ಛೇದಕ್ಕೆ ಬರುತ್ತೆ, ವೈ 0 ಆದಾಗ ಅದು ಸಿಡಿಯುತ್ತೆ, ಕಾರಣ ಅದೇ. ವೈಯಿಂದ ಭಾಗಿಸೋ ಮುಂಚೆ "ವೈ 0 ಆಗ್ಬಹುದಾ" ಅಂತ ಕೇಳ್ಕೊಳ್ಳಿ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಹಂತ 3: ಜಾತಿ ಗುರುತಿಸಿ

ವೈಗೆ ಸಂಬಂಧಪಟ್ಟಿದ್ದೆಲ್ಲಾ ಒಂದು ಕಡೆ, ಎಕ್ಸ್‌ಗೆ ಸಂಬಂಧಪಟ್ಟಿದ್ದೆಲ್ಲಾ ಇನ್ನೊಂದು ಕಡೆ ತರೋಕೆ ಆದ್ರೆ ಸೆಪರಬಲ್. ವೈ, ವೈ′ ಎರಡೂ ಒಂದನೇ ಘಾತದಲ್ಲೇ ಇದ್ದು ಒಂದನ್ನೊಂದು ಗುಣಿಸ್ಕೊಂಡಿಲ್ಲ ಅಂದ್ರೆ ಲೀನಿಯರ್. ವೈ/ಎಕ್ಸ್ ಅನ್ನೋ ಗುಂಪೇ ಎಲ್ಲಾ ಕಡೆ ಕಾಣಿಸ್ತಿದ್ರೆ ಹೋಮೋಜೀನಿಯಸ್, ವೈ = ವಿ·ಎಕ್ಸ್ ಹಾಕಿ ಸೆಪರಬಲ್ ಮಾಡ್ಕೊಳ್ಳಿ. ಲೀನಿಯರ್ ಥರಾನೇ ಇದ್ದು ಬಲಗಡೆ ವೈ²ನೋ ವೈ³ನೋ ಅಂಟಿಕೊಂಡಿದ್ರೆ ಬರ್ನೂಲಿ. ಎಕ್ಸಾಕ್ಟ್ ಅನ್ನೋದೂ ಒಂದಿದೆ. ಇವನ್ನ ಯಾವ ಗೈಡ್‌ನಲ್ಲಾದ್ರೂ ಚೆನ್ನಾಗೇ ಕೊಟ್ಟಿರ್ತಾರೆ, ಅವೆನ್ಯೂ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ್ರೂ ಸಾಕು. ನಾನಿಲ್ಲಿ ಸೆಪರಬಲ್, ಲೀನಿಯರ್ ಎರಡೇ ಬಿಡಿಸಿ ತೋರಿಸ್ತೀನಿ, ಯಾಕಂದ್ರೆ ಉಳಿದವು ಹೆಚ್ಚಿನವು ಕೊನೆಗೆ ಇವೆರಡರಲ್ಲೇ ಬಂದು ನಿಲ್ತಾವೆ.

ಹಂತ 4: ಸೆಪರಬಲ್ ಆದ್ರೆ ಸಿ ಜೊತೆ ಒದ್ದಾಡಬೇಡಿ, ಲಿಮಿಟ್ ಹಾಕಿ

ಬಿಸಿ ಫಿಲ್ಟರ್ ಕಾಫಿ ಲೋಟಕ್ಕೆ ಹುಯ್ದಿದೀರ ಅಂದ್ಕೊಳ್ಳಿ. ಹುಯ್ದಾಗ 85 ಡಿಗ್ರಿ, ರೂಮಲ್ಲಿ 25 ಡಿಗ್ರಿ. 5 ನಿಮಿಷ ಬಿಟ್ಟು ಥರ್ಮಾಮೀಟರ್ ಅದ್ದಿದ್ರೆ 65. 10ನೇ ನಿಮಿಷಕ್ಕೆ ಎಷ್ಟಿರುತ್ತೆ? 45ಕ್ಕೆ ಇಳಿಯೋದು ಯಾವಾಗ?

ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿ ಜಾಸ್ತಿ ಇದ್ಯೋ ಅಷ್ಟು ಬೇಗ ಆರುತ್ತೆ, ಇದು ನ್ಯೂಟನ್ 1701ರಲ್ಲಿ ಬರ್ದಿದ್ದು. ಯು ಅಂದ್ರೆ ಕಾಫಿಯ ಡಿಗ್ರಿ, ಟಿ ಅಂದ್ರೆ ನಿಮಿಷ, ಕೆ ಅಂದ್ರೆ ಎಷ್ಟು ಬೇಗ ಆರುತ್ತೆ ಅಂತ ಹೇಳೋ, ಇನ್ನೂ ಗೊತ್ತಿಲ್ಲದ ಒಂದು ಸ್ಥಿರ ಸಂಖ್ಯೆ ಅಂತ ಇಟ್ಕೊಂಡ್ರೆ

ಯು′ = −ಕೆ·(ಯು − 25), ಯು(0) = 85

ಸಾಮಾನ್ಯವಾಗಿ ಕ್ಲಾಸಲ್ಲಿ ಹೇಳ್ಕೊಡೋದು ಎರಡೂ ಕಡೆ ಇಂಟಿಗ್ರೇಟ್ ಮಾಡಿ ಒಂದು ಸಿ ಸೇರಿಸಿ ಅಂತ. ಅದು ತಪ್ಪಲ್ಲ. ಆದ್ರೆ ಐವಿಪಿಲಿ ಇನ್ನೂ ಸುಲಭದ ದಾರಿ ಇದೆ. ಎಡಗಡೆ ಇಂಟಿಗ್ರಲ್‌ಗೆ 85ರಿಂದ ಯುವರೆಗೆ ಅಂತ ಲಿಮಿಟ್ ಹಾಕಿ, ಬಲಗಡೆದಕ್ಕೆ 0ಯಿಂದ ಟಿವರೆಗೆ ಅಂತ ಹಾಕಿ. ಶುರುವಿನ ಬೆಲೆ ಕೆಳಗಿನ ಲಿಮಿಟ್ ಆಗಿ ಕೂತ್ಕೊಳ್ತು, ಸಿ ಅನ್ನೋದು ಬರಲೇ ಇಲ್ಲ, ಕಳ್ಕೊಳ್ಳೋ ಭಯಾನೂ ಇಲ್ಲ.

ಲಾಗ್(ಯು − 25) − ಲಾಗ್ 60 = −ಕೆ·ಟಿ
ಯು = 25 + 60·ಇ^(−ಕೆ·ಟಿ)

ಈಗ 5 ನಿಮಿಷದ ಮಾಹಿತಿ. 65 − 25 = 40, ಹಾಗಾಗಿ ಇ^(−5ಕೆ) = 40/60 = 2/3. ಇಲ್ಲೇ ತಕ್ಷಣ ಲಾಗ್ ತಗೊಂಡು ಕೆ = 0.08 ಅಂತ ರೌಂಡ್ ಮಾಡ್ಬಿಡ್ತಾರೆ, ಆಮೇಲೆ ಉತ್ತರ ಆ ಕಡೆ ಈ ಕಡೆ ಆಗುತ್ತೆ. 2/3 ಹಾಗೇ ಇಟ್ಕೊಳ್ಳಿ. 10 ನಿಮಿಷ ಅಂದ್ರೆ 5ರ ಎರಡು ಸಲ, ಅಂದ್ರೆ (2/3)² = 4/9, 60ರಲ್ಲಿ ಅದು 26.67, ಉತ್ತರ 51.67 ಡಿಗ್ರಿ. ಕೆ ಬೇಕೇ ಆಗ್ಲಿಲ್ಲ ನೋಡಿ. 45ಕ್ಕೆ ಇಳಿಯೋದಕ್ಕೆ ಇ^(−ಕೆ·ಟಿ) = 1/3 ಆಗ್ಬೇಕು, ಇಲ್ಲಿ ಕೆ ಬೇಕು, 0.0811 ಹಾಕಿದ್ರೆ ಸುಮಾರು 13.5 ನಿಮಿಷ.

ಇನ್ನೊಂದು ವಿಷಯ ಗಮನಿಸಿ. ಮೊದಲ 5 ನಿಮಿಷದಲ್ಲಿ 20 ಡಿಗ್ರಿ ಇಳೀತು, ಮುಂದಿನ 5 ನಿಮಿಷದಲ್ಲಿ 13 ಚಿಲ್ಲರೆ ಮಾತ್ರ. "5 ನಿಮಿಷಕ್ಕೆ 20 ಅಂದ್ರೆ 10 ನಿಮಿಷಕ್ಕೆ 40" ಅಂತ ತ್ರೈರಾಶಿ ಹಾಕಿದ್ರೆ 45 ಬಂದುಬಿಡುತ್ತೆ, ಅದು ತಪ್ಪು. ಮತ್ತೆ, ಇಲ್ಲಿ ಎರಡು ಮಾಹಿತಿ ಕೊಟ್ಟಿರೋದ್ರಿಂದ ಇದು ಸೆಕೆಂಡ್ ಆರ್ಡರ್ ಅಂತ ಗೊಂದಲ ಆಗ್ಬೇಡಿ, ಒಂದು ಮಾಹಿತಿ ಶುರುವಿಗೆ, ಇನ್ನೊಂದು ಗೊತ್ತಿಲ್ಲದ ಕೆ ಹಿಡಿಯೋಕೆ.

ಸಿ ಹಾಕೇ ಮಾಡ್ತೀನಿ ಅನ್ನೋರಿಗೆ ಎರಡು ಎಚ್ಚರಿಕೆ. ಮೊದಲ್ನೇದು, ಲಾಗ್ ತೆಗೆದಾಗ ಸಿ ಗುಣಾಕಾರಕ್ಕೆ ಹೋಗುತ್ತೆ, ಕೂಡೋಕೆ ಅಲ್ಲ. ವೈ′ = 2·ಎಕ್ಸ್·ವೈ, ವೈ(0) = 3 ಅಂದ್ರೆ ಲಾಗ್ ವೈ = ಎಕ್ಸ್² + ಸಿ, ಅದ್ರಿಂದ ವೈ = 3·ಇ^(ಎಕ್ಸ್²). ಆದ್ರೆ ಹಾಳೇಲಿ ಕಾಣೋದು ವೈ = ಇ^(ಎಕ್ಸ್²) + ಸಿ, ಆಮೇಲೆ ಸಿ = 2. ಎರಡನೇದು ಗುರುತಿನ ವಿಷಯ, ಅಂದ್ರೆ ಪ್ಲಸ್ಸೋ ಮೈನಸ್ಸೋ ಅನ್ನೋದು. ವೈ′ = ಎಕ್ಸ್/ವೈ, ವೈ(0) = −2 ಮಾಡಿ ನೋಡಿ. ವೈ² = ಎಕ್ಸ್² + 4 ಬರುತ್ತೆ, ಇಲ್ಲಿ ವರ್ಗಮೂಲ ತಗೊಂಡು ಕೈ ಅಭ್ಯಾಸಕ್ಕೆ ಪ್ಲಸ್ ಬರ್ದುಬಿಡ್ತೀವಿ. ಶುರುವಲ್ಲಿ ವೈ −2 ಇದೆ, ಹಾಗಾಗಿ ಉತ್ತರ ಮೈನಸ್ ಇರೋದು ಮಾತ್ರ. ಪ್ಲಸ್ ಆರ್ ಮೈನಸ್ ಅಂತ ಎರಡೂ ಬರ್ದು ಬಿಟ್ರೆ ಅದು ಐವಿಪಿಗೆ ಉತ್ತರ ಅಲ್ಲ, ಒಂದನ್ನ ಆರಿಸಿಕೊಡೋದೇ ಶುರುವಿನ ಬೆಲೆ ಮಾಡೋ ಕೆಲಸ.

ಹಂತ 5: ಲೀನಿಯರ್ ಆದ್ರೆ, ಮತ್ತೆ ಎರಡು ಚೆಕ್

ವೈ′ + (2/ಎಕ್ಸ್)·ವೈ = 4·ಎಕ್ಸ್, ವೈ(1) = 3

ಮೊದ್ಲು ವೈ′ ಮುಂದೆ ಏನೂ ಇಲ್ಲದ ಹಾಗೆ ಮಾಡ್ಕೊಳ್ಳಿ, ಇಲ್ಲಿ ಆಗ್ಲೇ ಹಾಗಿದೆ. ಎಕ್ಸ್·ವೈ′ ಅಂತ ಕೊಟ್ಟಿದ್ರೆ ಎಲ್ಲವನ್ನೂ ಎಕ್ಸ್‌ನಿಂದ ಭಾಗಿಸಿ, ಬಲಗಡೆದನ್ನೂ. ಆಮೇಲೆ ಇಂಟಿಗ್ರೇಟಿಂಗ್ ಫ್ಯಾಕ್ಟರ್. ಇದೇನು ಮಂತ್ರ ಅಲ್ಲ, ಎಡಗಡೆ ಇರೋದನ್ನ ಒಂದೇ ಗುಣಾಕಾರದ ಡೆರಿವೇಟಿವ್ ಆಗಿ ಮಾಡೋಕೆ ಯಾವುದ್ರಿಂದ ಗುಣಿಸ್ಬೇಕೋ ಅದು. 2/ಎಕ್ಸ್‌ನ ಇಂಟಿಗ್ರಲ್ 2·ಲಾಗ್ ಎಕ್ಸ್, ಅದನ್ನ ಇ ಮೇಲೆ ಏರಿಸಿದ್ರೆ ಎಕ್ಸ್². ಗುಣಿಸಿದಾಗ

(ಎಕ್ಸ್²·ವೈ)′ = 4·ಎಕ್ಸ್³
ಎಕ್ಸ್²·ವೈ = ಎಕ್ಸ್⁴ + ಸಿ

ಈಗ ನಿಲ್ಲಿ. ಈ ಸಾಲಲ್ಲೇ ಶುರುವಿನ ಬೆಲೆ ಹಾಕಿ, ಭಾಗಿಸೋ ಮುಂಚೆ. ಎಕ್ಸ್ = 1, ವೈ = 3 ಅಂದ್ರೆ 3 = 1 + ಸಿ, ಸಿ = 2. ಆಮೇಲೆ ಭಾಗಿಸಿ: ವೈ = ಎಕ್ಸ್² + 2/ಎಕ್ಸ್².

ಇಂಟಿಗ್ರೇಟ್ ಮಾಡಿದ ಸಾಲಲ್ಲಿ ಸಿ ಬರೆಯೋದು ಮರೆತು, ಭಾಗಿಸಿ, "ಅಯ್ಯೋ ಸಿ ಬಿಟ್ಟೋಯ್ತು" ಅಂತ ಕೊನೇಲಿ ಸೇರಿಸಿದ್ರೆ ವೈ = ಎಕ್ಸ್² + ಸಿ ಆಗುತ್ತೆ. ವೈ(1) = 3 ಹಾಕಿದ್ರೆ ಇಲ್ಲೂ ಸಿ = 2 ಬರುತ್ತೆ! ವೈ = ಎಕ್ಸ್² + 2. ಎಕ್ಸ್ 1 ಇಟ್ಟು ಚೆಕ್ ಮಾಡಿದ್ರೆ 3, ಸರಿ ಇದೆ ಅನ್ಸುತ್ತೆ, ಖುಷಿಯಾಗಿ ಮುಂದಿನ ಪ್ರಶ್ನೆಗೆ ಹೋಗ್ಬಿಡ್ತೀರ. ಆದ್ರೆ ಸಮೀಕರಣಕ್ಕೆ ಹಾಕಿ ನೋಡಿ, ವೈ′ ಅಂದ್ರೆ 2·ಎಕ್ಸ್, (2/ಎಕ್ಸ್)·ವೈ ಅಂದ್ರೆ 2·ಎಕ್ಸ್ + 4/ಎಕ್ಸ್, ಎರಡೂ ಸೇರಿದ್ರೆ 4·ಎಕ್ಸ್ + 4/ಎಕ್ಸ್. 4/ಎಕ್ಸ್ ಜಾಸ್ತಿ ಇದೆ. ಸರಿ ಉತ್ತರ ಹಾಕಿದ್ರೆ ವೈ′ = 2·ಎಕ್ಸ್ − 4/ಎಕ್ಸ್³, ಇನ್ನೊಂದು ಭಾಗ 2·ಎಕ್ಸ್ + 4/ಎಕ್ಸ್³, ಕೂಡಿದ್ರೆ ನಿಖರವಾಗಿ 4·ಎಕ್ಸ್. ಮೇಲಿನ ಇ^(ಎಕ್ಸ್²) + 2 ಕೂಡ ಹೀಗೇ, ಶುರುವಿನ ಬೆಲೆ ಪಾಸು, ಸಮೀಕರಣದಲ್ಲಿ ಫೇಲು.

ಆದ್ರಿಂದ ಯಾವ ಐವಿಪಿ ಮಾಡಿದ್ರೂ ಎರಡು ಚೆಕ್ ಬೇಕೇ ಬೇಕು: ಶುರುವಿನ ಬೆಲೆ ಕೂರುತ್ತಾ, ಸಮೀಕರಣಕ್ಕೆ ವಾಪಸ್ ಹಾಕಿದ್ರೆ ಎರಡೂ ಕಡೆ ಸಮ ಬರುತ್ತಾ. ಒಂದೇ ಚೆಕ್ ಮಾಡಿದ್ರೆ ಮಾಡಿದ ಹಾಗಲ್ಲ. ಎಕ್ಸಾಮ್‌ನಲ್ಲಿ ಟೈಮ್ ಇಲ್ಲ ಅನ್ನೋರು ಯಾವುದಾದ್ರೂ ಒಂದು ಸುಲಭದ ಎಕ್ಸ್ ಬೆಲೆ ಇಟ್ಟು, 2 ಅಂತಾನೋ ಏನೋ, ಎರಡೂ ಕಡೆ ಸಂಖ್ಯೆ ಹೋಲಿಸಿ, ಒಂದು ನಿಮಿಷಾನೂ ಹಿಡಿಯಲ್ಲ.

ಹಂತ 6: ಉತ್ತರ ಎಲ್ಲಿವರೆಗೆ ನಡೆಯುತ್ತೆ ಅಂತ ಬರೀರಿ

ಇದು ಪುಸ್ತಕದ ಲೆಕ್ಕ ಅಲ್ಲದೆ ನಿಜವಾದ ಕೆಲಸಕ್ಕೆ ಐವಿಪಿ ಬಳಸೋರಿಗೆ ತುಂಬಾ ಮುಖ್ಯ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮನೇಲಿ ನೀರು ತುಂಬಿಡೋ ಡ್ರಮ್ ಇದ್ಯಲ್ಲ, ನೇರ ಗೋಡೆದು, ತಳದಲ್ಲಿ ಒಂದು ನಲ್ಲಿ ಇರೋದು. ಕಾವೇರಿ ನೀರು ಬಂದ ದಿನ 100 ಸೆಂಟಿಮೀಟರ್ ತುಂಬಿಸಿದೀರ, ಆಮೇಲೆ ನಲ್ಲಿ ತೆರೆದುಬಿಟ್ರಿ. ಮೊದ್ಲು ರಭಸವಾಗಿ ಬರುತ್ತೆ, ನೀರು ಇಳೀತಾ ಇಳೀತಾ ಧಾರೆ ಸಣ್ಣ ಆಗುತ್ತೆ. ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕ ಹಾಗೆ ಧಾರೆಯ ವೇಗ ಇರುತ್ತೆ ಅಂತ ಇಟಲಿಯ ಟೊರಿಚೆಲ್ಲಿ 1644ರಲ್ಲೇ ಪ್ರಕಟಿಸಿದ್ರು. ಎಲ್ ಅಂದ್ರೆ ನೀರಿನ ಲೆವೆಲ್ ಆದ್ರೆ

ಎಲ್′ = −ಕೆ·√ಎಲ್, ಎಲ್(0) = 100

ಲಿಮಿಟ್ ಹಾಕಿ ಇಂಟಿಗ್ರೇಟ್ ಮಾಡಿದ್ರೆ √ಎಲ್ = 10 − (ಕೆ/2)·ಟಿ. 10 ನಿಮಿಷ ಬಿಟ್ಟು ಸ್ಕೇಲ್ ಇಟ್ಟು ನೋಡಿದಾಗ 81 ಸೆಂಟಿಮೀಟರ್ ಇತ್ತು ಅಂತ ಇಟ್ಕೊಳ್ಳಿ, √81 ಅಂದ್ರೆ 9, ಹಾಗಾಗಿ ಕೆ/2 = 0.1. ವರ್ಗ ಮಾಡಿದ್ರೆ ಎಲ್ = (10 − 0.1·ಟಿ)². 100ನೇ ನಿಮಿಷಕ್ಕೆ ಡ್ರಮ್ ಖಾಲಿ.

ಈಗ ಇದೇ ಫಾರ್ಮುಲಾಗೆ ಟಿ = 120 ಹಾಕಿ. (10 − 12)² = 4. ಖಾಲಿ ಆಗಿದ್ದ ಡ್ರಮ್‌ನಲ್ಲಿ ನಲ್ಲಿ ತೆರೆದೇ ಇದ್ದಾಗ 4 ಸೆಂಟಿಮೀಟರ್ ನೀರು ತಾನಾಗೇ ಏರಿಬಿಡ್ತು! ಫಾರ್ಮುಲಾಗೆ ಡ್ರಮ್ ಬಗ್ಗೆ ಗೊತ್ತಿಲ್ಲ, ನಾವೇ ಹೇಳ್ಬೇಕು. √ಎಲ್ ಯಾವತ್ತೂ ಮೈನಸ್ ಆಗಲ್ಲ, ಹಾಗಾಗಿ ಆ ಸೂತ್ರ 0 ≤ ಟಿ ≤ 100ಕ್ಕೆ ಮಾತ್ರ, ಆಮೇಲೆ ಎಲ್ = 0. ಉತ್ತರದ ಪಕ್ಕದಲ್ಲೇ ಇದನ್ನ ಬರೀಲೇಬೇಕು.

ಇದೇ ಡ್ರಮ್ ಹಂತ 2ಕ್ಕೂ ಒಳ್ಳೇ ಉದಾಹರಣೆ. ಸಂಜೆ ಮನೆಗೆ ಬಂದು ಡ್ರಮ್ ಖಾಲಿ ಇರೋದು ನೋಡ್ತೀರ. ಯಾವಾಗ ಖಾಲಿ ಆಯ್ತು? ಅರ್ಧ ಗಂಟೆ ಮುಂಚೆನಾ, ಬೆಳಿಗ್ಗೇನಾ? ಎಲ್ = 0 ಅನ್ನೋದು ಒಂದೇ ಗೊತ್ತಿದ್ರೆ ಹಿಂದಕ್ಕೆ ಹೋಗಿ ಹೇಳೋಕೆ ಸಾಧ್ಯವೇ ಇಲ್ಲ, ಎಷ್ಟೋ ಕಥೆಗಳು ಆ ಒಂದೇ ಬಿಂದುವಿಗೆ ಬಂದು ಸೇರ್ತಾವೆ. √ಎಲ್ ಅನ್ನೋದು 0 ಹತ್ರ ಸಲೀಸಾಗಿಲ್ಲ ಅನ್ನೋದ್ರ ಅರ್ಥ ಕೈಗೆ ಸಿಗೋ ಹಾಗೆ ಹೇಳಿದ್ರೆ ಇದೇ.

ಇನ್ನೊಂದು ಥರದ ಗಡಿ ಇದೆ, ಸಮೀಕರಣ ನೋಡಿದ್ರೆ ಸುಳಿವೇ ಸಿಗಲ್ಲ. ವೈ′ = ವೈ², ವೈ(0) = 1. ಬಲಗಡೆ ಇರೋದು ಎಲ್ಲಾ ಕಡೆ ನೆಟ್ಟಗಿದೆ, ಆದ್ರೆ ಉತ್ತರ ವೈ = 1/(1 − ಎಕ್ಸ್), ಎಕ್ಸ್ 1ರ ಹತ್ರ ಬಂದಾಗ ಆಕಾಶಕ್ಕೆ ಹೋಗುತ್ತೆ. ಇದನ್ನ ಬ್ಲೋ ಅಪ್ ಅಂತಾರೆ. ವೈ(2) ಎಷ್ಟು ಅಂತ ಕೇಳಿದ್ರೆ −1 ಅಂತ ಬರೀಬೇಡಿ, ಶುರುವಿನ ಬಿಂದುವಿಂದ ಹೊರಟ ಉತ್ತರ 1ನ್ನ ದಾಟೋದೇ ಇಲ್ಲ. ಲೀನಿಯರ್ ಸಮೀಕರಣದಲ್ಲಿ ಈ ಕಾಟ ಇಲ್ಲ, ಅಲ್ಲಿ ಗಡಿ ಎಲ್ಲಿದೆ ಅಂತ ಗುಣಾಂಕ ನೋಡಿದ್ರೇ ಗೊತ್ತಾಗುತ್ತೆ. ಮೇಲಿನ ಉದಾಹರಣೇಲಿ 2/ಎಕ್ಸ್ ಇತ್ತು, ಶುರು 1ರಲ್ಲಿ, ಹಾಗಾಗಿ ಎಕ್ಸ್ 0ಗಿಂತ ಜಾಸ್ತಿ ಇರೋ ಕಡೆ ಎಲ್ಲಾ ಸರಿ.

ಹಂತ 7: ಸೆಕೆಂಡ್ ಆರ್ಡರ್ ಬಂದ್ರೆ

ವೈ″ − 3·ವೈ′ + 2·ವೈ = 4, ವೈ(0) = 3, ವೈ′(0) = 3

ಆಕ್ಸಿಲರಿ ಈಕ್ವೇಶನ್, ಅಂದ್ರೆ ವೈ ಜಾಗಕ್ಕೆ ಇ^(ಎಂ·ಎಕ್ಸ್) ಹಾಕಿದಾಗ ಬರೋ ಸಾದಾ ವರ್ಗ ಸಮೀಕರಣ, ಅದರ ಮೂಲಗಳು 1 ಮತ್ತೆ 2. ಬಲಗಡೆ 4 ಇರೋದ್ರಿಂದ ಪರ್ಟಿಕ್ಯುಲರ್ ಭಾಗ, ಅಂದ್ರೆ ಸಮೀಕರಣಕ್ಕೆ ಹಾಕಿದ್ರೆ ಬಲಗಡೆಯ 4 ಕೊಡೋ ತುಂಡು, 2. ಪೂರ್ತಿ ಉತ್ತರ

ವೈ = ಎ·ಇ^ಎಕ್ಸ್ + ಬಿ·ಇ^(2ಎಕ್ಸ್) + 2

ಈಗ ಶುರುವಿನ ಬೆಲೆಗಳು. ಎ + ಬಿ + 2 = 3, ಎ + 2ಬಿ = 3. ಬಿ = 2, ಎ = −1. ಮುಗೀತು. ಇಲ್ಲಿರೋ ಗುಂಡಿ ಒಂದೇ, ಆದ್ರೆ ದೊಡ್ಡದು: ಪರ್ಟಿಕ್ಯುಲರ್ ಭಾಗ ಸೇರಿಸೋ ಮುಂಚೆನೇ ಎ, ಬಿ ಕಂಡುಹಿಡಿಯೋದು. ಹಾಗೆ ಮಾಡಿದ್ರೆ ಎ = 3, ಬಿ = 0 ಬರುತ್ತೆ, ಆಮೇಲೆ 2 ಸೇರಿಸಿದ್ರೆ ವೈ(0) = 5 ಆಗಿ ಕೂರುತ್ತೆ. ಒಂದನೇ ಆರ್ಡರ್‌ನಲ್ಲಿ "ಬೇಗ ಹಾಕಿ" ಅಂದೆ, ಇಲ್ಲಿ "ಪೂರ್ತಿ ಉತ್ತರ ಬರೋತನಕ ತಡೀರಿ" ಅಂತಿದೀನಿ. ಎರಡಕ್ಕೂ ಕಾರಣ ಒಂದೇ, ಶುರುವಿನ ಬೆಲೆ ಇರೋದು ಇಡೀ ವೈಗೆ, ವೈಯ ಒಂದು ತುಂಡಿಗಲ್ಲ.

ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಕಲಿತಿರೋರು ಅದನ್ನೇ ಬಳಸಿ, ಅದರಲ್ಲಿ ಶುರುವಿನ ಬೆಲೆಗಳು ಮೊದಲ್ನೇ ಸಾಲಲ್ಲೇ ಒಳಗೆ ಹೋಗಿಬಿಡೋದ್ರಿಂದ ಈ ತಪ್ಪಿಗೆ ಜಾಗಾನೇ ಇಲ್ಲ.

ಹಂತ 8: ಫಾರ್ಮುಲಾ ಸಿಗದಿದ್ರೆ ಅಂಕಿಗಳಿಂದ

ನಿಜ ಜೀವನದ ಸಮೀಕರಣಗಳು ಬಹಳಷ್ಟು ಸೂತ್ರಕ್ಕೆ ಬಗ್ಗಲ್ಲ. ಆಗ ಶುರುವಿನ ಬಿಂದುವಲ್ಲಿ ನಿಂತು, ಅಲ್ಲಿನ ವೈ′ ನೋಡ್ಕೊಂಡು, ಆ ದಿಕ್ಕಲ್ಲಿ ಒಂದು ಚಿಕ್ಕ ಹೆಜ್ಜೆ ಇಡೋದು. ಮತ್ತೆ ಅಲ್ಲಿ ನಿಂತು ನೋಡೋದು, ಇನ್ನೊಂದು ಹೆಜ್ಜೆ. ಇದೇ ಆಯ್ಲರ್ ವಿಧಾನ. ಕ್ಲಾಸಲ್ಲಿ ಯೂಲರ್ ಅಂತ ಓದೋರೂ ಇದಾರೆ, ಸರಿಯಾದ ಉಚ್ಚಾರ ಆಯ್ಲರ್, 1768ರ ತಮ್ಮ ಪುಸ್ತಕದಲ್ಲಿ ಅವ್ರು ಇದನ್ನ ಕೊಟ್ಟಿದಾರೆ.

ವೈ′ = ಎಕ್ಸ್ + ವೈ, ವೈ(0) = 1, ಹೆಜ್ಜೆ ಎಚ್ = 0.1 ತಗೊಳ್ಳೋಣ. ಇದಕ್ಕೆ ಸೂತ್ರ ಇದೆ, 2·ಇ^ಎಕ್ಸ್ − ಎಕ್ಸ್ − 1, ಹಾಗಾಗಿ ವೈ(0.1)ರ ನಿಜವಾದ ಬೆಲೆ 1.11034 ಅಂತ ನಮ್ಗೆ ಗೊತ್ತು, ಹೋಲಿಸಿ ನೋಡ್ಬಹುದು.

ಆಯ್ಲರ್: 1 + 0.1·(0 + 1) = 1.1.

ಮಾಡಿಫೈಡ್ ಆಯ್ಲರ್‌ನಲ್ಲಿ ಶುರುವಿನ ವೈ′, ತಲುಪಿದ ಕಡೆಯ ವೈ′ ಎರಡರ ಸರಾಸರಿ ತಗೊಳ್ತೀವಿ. ಶುರುವಲ್ಲಿ 1, ಅಲ್ಲಿ 0.1 + 1.1 = 1.2, ಸರಾಸರಿ 1.1, ಉತ್ತರ 1.11. ವಿಟಿಯು ಪ್ರಶ್ನೆಗಳಲ್ಲಿ ಎರಡು ಸಲ ಒಂದೇ ಬೆಲೆ ಬರೋತನಕ ಇದನ್ನ ತಿರುಗಿ ತಿರುಗಿ ಮಾಡಿಸ್ತಾರಲ್ಲ, ಮಾಡಿದ್ರೆ 1.1105, ಮತ್ತೆ 1.1105ಕ್ಕೇ ನಿಲ್ಲುತ್ತೆ. ನಿಂತಿತು ಅಂದ್ರೆ ಅದೇ ನಿಜವಾದ ಉತ್ತರ ಅಂತ ಬಹಳ ಜನ ನಂಬಿಬಿಟ್ಟಿದಾರೆ. ಅಲ್ಲ. ನಿಜವಾದ್ದು 1.1103. ತಿರುಗಿಸೋದ್ರಿಂದ ಆ ವಿಧಾನದ ಕೊನೇ ಮಾತು ಸಿಗುತ್ತೆ ಅಷ್ಟೇ, ನಿಜದ ಹತ್ರ ಹೋಗ್ಬೇಕು ಅಂದ್ರೆ ಎಚ್ ಚಿಕ್ಕದು ಮಾಡ್ಬೇಕು, ಇಲ್ಲ ಒಳ್ಳೇ ವಿಧಾನ ಹಿಡೀಬೇಕು.

ಒಳ್ಳೇ ವಿಧಾನ ಅಂದ್ರೆ ನಾಲ್ಕನೇ ಆರ್ಡರ್ ರುಂಗೆ ಕುಟ್ಟಾ. ಕಾರ್ಲ್ ರುಂಗೆ 1895ರಲ್ಲಿ ಶುರು ಮಾಡಿದ್ದು, ಮಾರ್ಟಿನ್ ಕುಟ್ಟಾ 1901ರಲ್ಲಿ ಪೂರ್ತಿ ರೂಪಕ್ಕೆ ತಂದಿದ್ದು. ಒಂದು ಹೆಜ್ಜೆಗೆ ನಾಲ್ಕು ಸಲ ದಿಕ್ಕು ನೋಡ್ತೀವಿ: ಶುರುವಲ್ಲಿ ಒಂದು, ಮಧ್ಯದಲ್ಲಿ ಎರಡು, ಕೊನೇಲಿ ಒಂದು.

ಕೆ1 = 0.1·(0 + 1) = 0.1
ಕೆ2 = 0.1·(0.05 + 1.05) = 0.11
ಕೆ3 = 0.1·(0.05 + 1.055) = 0.1105
ಕೆ4 = 0.1·(0.1 + 1.1105) = 0.12105

ಮಧ್ಯದವೆರಡಕ್ಕೆ ದುಪ್ಪಟ್ಟು ತೂಕ ಕೊಟ್ಟು ಕೂಡಿ 6ರಿಂದ ಭಾಗಿಸಿದ್ರೆ 0.110342, ಉತ್ತರ 1.110342. ನಿಜವಾದ್ದೂ ಅಷ್ಟೇ, ಆರು ದಶಮಾಂಶದವರೆಗೆ. ಇಲ್ಲಿ ಆಗೋ ತಪ್ಪು: ಕೆಲವು ಪುಸ್ತಕದಲ್ಲಿ ಕೆ ಒಳಗೇ ಎಚ್ ಗುಣಿಸಿರ್ತಾರೆ, ಕೆಲವ್ರು ಕೊನೇಲಿ ಗುಣಿಸ್ತಾರೆ. ಒಂದು ಪುಸ್ತಕದ ಕೆ, ಇನ್ನೊಂದು ಪುಸ್ತಕದ ಕೊನೇ ಸಾಲು ಬೆರೆಸಿದ್ರೆ ಎಚ್ ಎರಡು ಸಲ ಬರುತ್ತೆ ಇಲ್ಲ ಬರೋದೇ ಇಲ್ಲ. ಒಂದನ್ನೇ ಹಿಡ್ಕೊಳ್ಳಿ. ಇನ್ನು ಕೆ3 ಲೆಕ್ಕಕ್ಕೆ ಕೆ2ರ ಅರ್ಧ ಹೋಗ್ಬೇಕು, ಕೆ4ಕ್ಕೆ ಕೆ3 ಪೂರ್ತಿ ಹೋಗ್ಬೇಕು, ಅಲ್ಲೂ ಅರ್ಧ ಹಾಕ್ಬೇಡಿ.

ಸೂತ್ರ ಗೊತ್ತಿಲ್ಲದಾಗ ಉತ್ತರ ನಂಬೋದು ಹೇಗೆ? ಎಚ್ ಅರ್ಧ ಮಾಡಿ ಇನ್ನೊಂದ್ ಸಲ ಓಡಿಸಿ. ಆಯ್ಲರ್ ಆದ್ರೆ ತಪ್ಪು ಸುಮಾರು ಅರ್ಧ ಆಗುತ್ತೆ, ರುಂಗೆ ಕುಟ್ಟಾ ಆದ್ರೆ ಸುಮಾರು 16ರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. ಎರಡು ಉತ್ತರ ಹತ್ರ ಹತ್ರ ಬಂದ್ರೆ ಸರಿ. ಬರದಿದ್ರೆ ಏನೋ ಇದೆ. ಮೇಲಿನ ವೈ′ = ವೈ² ಆಯ್ಲರ್‌ಗೆ ಕೊಡಿ, ಎಚ್ = 0.5 ಇದ್ರೆ ಎಕ್ಸ್ = 1ರಲ್ಲಿ 2.625 ಅನ್ನುತ್ತೆ, 0.25 ಮಾಡಿದ್ರೆ 3.65. ಕ್ಯಾಲ್ಕುಲೇಟರ್ ಎರರ್ ತೋರಿಸಲ್ಲ, ನೆಟ್ಟಗೆ ಅಂಕಿ ಕೊಡುತ್ತೆ, ಅಲ್ಲಿ ಉತ್ತರಾನೇ ಇಲ್ಲದಿದ್ರೂ. ಅರ್ಧ ಮಾಡ್ದಷ್ಟೂ ಏರ್ತಾ ಹೋಗೋದೇ ನಿಮ್ಗೆ ಸಿಗೋ ಸುಳಿವು.

ಹಂತ 9: ಕಂಪ್ಯೂಟರ್‌ಗೆ ಕೊಡೋರಿಗೆ

ಪೈಥಾನ್‌ನ ಸೈಪೈ ಅನ್ನೋ ಲೆಕ್ಕದ ಲೈಬ್ರರೀಲಿ ಸಾಲ್ವ್ ಐವಿಪಿ (solve_ivp) ಅಂತ ಒಂದು ಫಂಕ್ಷನ್ ಇದೆ, ಹೆಚ್ಚಿನ ಕೆಲಸಕ್ಕೆ ಅದು ಸಾಕು, ಹೆಜ್ಜೆ ಗಾತ್ರ ಅದೇ ನೋಡ್ಕೊಳ್ಳುತ್ತೆ. ಸೆಕೆಂಡ್ ಆರ್ಡರ್ ಸಮೀಕರಣ ನೇರ ಕೊಡೋಕಾಗಲ್ಲ, ವೈ ಒಂದು, ವೈ′ ಇನ್ನೊಂದು ಅಂತ ಎರಡು ಒಂದನೇ ಆರ್ಡರ್ ಸಮೀಕರಣ ಮಾಡಿ ಕೊಡಿ, ಶುರುವಿನ ಬೆಲೆಗಳೂ ಅದೇ ಕ್ರಮದಲ್ಲಿ ಇರ್ಲಿ. ನೀವು ಬರೆಯೋ ಫಂಕ್ಷನ್‌ನಲ್ಲಿ ಮೊದ್ಲು ಟಿ, ಆಮೇಲೆ ವೈ. ಸೈಪೈನ ಹಳೇ ಫಂಕ್ಷನ್ ಓಡಿಇಂಟ್‌ನಲ್ಲಿ (odeint) ಇದು ಉಲ್ಟಾ, ಹಳೇ ಕೋಡ್ ಕಾಪಿ ಮಾಡೋರು ಇಲ್ಲೇ ಸಿಕ್ಕಿಹಾಕ್ಕೊಳ್ತಾರೆ.

ಅದು ಸುಮ್ನೆ ಬಿಟ್ರೆ ಬಳಸೋ ರಿಲೇಟಿವ್ ಟಾಲರೆನ್ಸ್, ಅಂದ್ರೆ ಬೆಲೆಗೆ ಹೋಲಿಸಿದ್ರೆ ಎಷ್ಟು ತಪ್ಪು ನಡೆಯುತ್ತೆ ಅನ್ನೋ ಅಳತೆ, 0.001. ಪ್ರತಿ ಹೆಜ್ಜೇಲಿ ಅಷ್ಟು ಸಡಿಲ ಬಿಟ್ರೆ ದೂರದವರೆಗೆ ಓಡಿಸಿದಾಗ ಕೊನೇ ಅಂಕಿಗಳು ಸಾಕಷ್ಟು ಜಾರಿರ್ತಾವೆ, ಲೋಲಕ ಅಥವಾ ಗ್ರಹದ ಕಕ್ಷೆ ಥರದ ಲೆಕ್ಕಕ್ಕೆ ಇದನ್ನ ಬಿಗಿ ಮಾಡ್ಲೇಬೇಕು.

ಇನ್ನೊಂದು, ಓಡಿಸಿದ ಪ್ರೋಗ್ರಾಮ್ ಮುಗೀತಾನೇ ಇಲ್ಲ ಅಂದ್ರೆ ಸಮೀಕರಣ ಸ್ಟಿಫ್ ಇರ್ಬಹುದು. ಒಂದು ಭಾಗ ಕಣ್ಣು ಮಿಟುಕಿಸೋದ್ರಲ್ಲಿ ಸತ್ತುಹೋಗುತ್ತೆ, ಇನ್ನೊಂದು ನಿಧಾನಕ್ಕೆ ನಡೆಯುತ್ತೆ, ಅಂಥದ್ದು. ಯಾಕೆ ಕಷ್ಟ ಅಂತ ಕೈಯಲ್ಲೇ ನೋಡಿ: ವೈ′ = −50·ವೈ, ವೈ(0) = 1, ಆಯ್ಲರ್, ಎಚ್ = 0.1. ಪ್ರತಿ ಹೆಜ್ಜೆಗೆ 1 − 5 = −4ರಿಂದ ಗುಣಿಸಿದ ಹಾಗೆ. 1, −4, 16, −64. ನಿಜವಾದ ಉತ್ತರ ಆ ಹೊತ್ತಿಗೆ ಸೊನ್ನೆಗೆ ಅಂಟಿಕೊಂಡಿದೆ. ಎಚ್ 0.04ಕ್ಕಿಂತ ಕಡಿಮೆ ಇದ್ರೆ ಮಾತ್ರ ಇದು ತಣ್ಣಗಾಗುತ್ತೆ, ಅದಕ್ಕೇ ಸಾಮಾನ್ಯ ವಿಧಾನಗಳು ಇಂಥ ಕಡೆ ಇರುವೆ ಹೆಜ್ಜೆ ಇಡ್ತಾವೆ. ವಿಧಾನದ ಹೆಸರು ಕೊಡೋ ಜಾಗದಲ್ಲಿ ಆರ್‌ಕೆ45 (ಸುಮ್ನೆ ಬಿಟ್ರೆ ಅದು ಬಳಸೋ ರುಂಗೆ ಕುಟ್ಟಾ ಥರದ ವಿಧಾನ) ತೆಗೆದು ಸ್ಟಿಫ್ ಸಮೀಕರಣಕ್ಕೆ ಅಂತಾನೇ ಇರೋ ರಾಡೋ (Radau) ಅಥವಾ ಬಿಡಿಎಫ್ (BDF) ಹಾಕಿ, ಸಮಸ್ಯೆ ನಿಜವಾಗ್ಲೂ ಸ್ಟಿಫ್ ಆಗಿದ್ರೆ ಅಷ್ಟರಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಅದಕ್ಕೂ ಮುಂಚೆ ಮಾತ್ರ ಹಂತ 6ಕ್ಕೆ ಒಂದ್ಸಲ ವಾಪಸ್ ಹೋಗಿ, ಉತ್ತರ ಬ್ಲೋ ಅಪ್ ಆಗ್ತಿರೋ ಕಡೆಗೂ ಪ್ರೋಗ್ರಾಮ್ ಹೀಗೇ ಚಿಕ್ಕ ಚಿಕ್ಕ ಹೆಜ್ಜೆ ಇಡ್ತಾ ನಿಂತುಹೋಗುತ್ತೆ, ಅದಕ್ಕೆ ಯಾವ ವಿಧಾನ ಬದಲಾಯಿಸಿದ್ರೂ ಪ್ರಯೋಜನ ಇಲ್ಲ.